ದೊಡ್ಡಮ್ಮ ಸಾಕಿದ ಬೂಷ್ಟು

ಮೊನ್ನೆ ಬೆಳಗ್ಗೆ ನಮ್ಮನೆಯಲ್ಲಿ ಮರೆತಿಟ್ಟ ಬ್ರೆಡ್ಡಿಗೆ ಬೂಷ್ಟು ಬಂದಿತ್ತು. ಅಂಚಿನಲ್ಲಿ ಬಿಳಿ, ನಡುವೆ ತೆಳು ಹಸಿರು. ನನ್ನ ಹೆಂಡತಿ ಸುಮಿತ್ರ "ಥೂ" ಎಂದು ಮೂಗು ಮುರಿದು ಬಿಸಾಡಲು ಹೊರಟಳು. ನಾನು "ತಾಳು ತಾಳು" ಎಂದು ಪೊಟ್ಟಣ ಇಸಕೊಂಡು, ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ನಿಂತುಬಿಟ್ಟೆ. "ಏನ್ರೀ, ಆರತಿ ತಟ್ಟೆ ತರ್ಲಾ?" ಎಂದಳು. ತಂದರೂ ತಪ್ಪಿಲ್ಲ ಅನ್ನಿಸಿತು, ಆದರೆ ಬಾಯಿ ಬಿಡಲಿಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡಸಿಗೆ ಯಾವುದನ್ನು ಹೇಳಬಾರದು ಎನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಯಾವುದನ್ನು ಹೇಳಲೇಬೇಕು ಎನ್ನುವುದು ಮಾತ್ರ ನನಗೆ ಬಹಳ ತಡವಾಗಿ ತಿಳಿಯಿತು. ಅದನ್ನು ಕಲಿಸಿದ್ದು ಈ ಬೂಷ್ಟು, ಮತ್ತು ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ, ವೆಂಕಟಲಕ್ಷ್ಮಮ್ಮ. ದಿಬ್ಬೂರಹಳ್ಳಿಯಿಂದ ಇನ್ನೂ ಒಳಕ್ಕೆ ಹೋದರೆ ಅವರ ಊರು. ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದದ್ದರಿಂದ ಐದನೇ ಕ್ಲಾಸಿನವರೆಗೆ ನಾನು ಬೆಳೆದದ್ದು ಅಲ್ಲಿಯೇ, ರೇಷ್ಮೆ ಹುಳಗಳ ಜೊತೆಗೆ. ಜೊತೆಗೆ ಅಂದರೆ ನಿಜವಾಗಿ ಜೊತೆಗೆ. ಆಗ ಬೇರೆ ಹುಳದ ಮನೆ ಇರಲಿಲ್ಲ. ನಡುಮನೆಯಲ್ಲಿ ತಟ್ಟೆಗಳ ಮೇಲೆ ತಟ್ಟೆ ಜೋಡಿಸಿ ಹುಳ ಸಾಕುತ್ತಿದ್ದರು, ಉಳಿದ ಜಾಗದಲ್ಲಿ ನಾವು ಮಲಗುತ್ತಿದ್ದೆವು. ಹುಳಗಳು ಸೊಪ್ಪು ತಿನ್ನುವ ಸರಸರ ಸದ್ದು ಕೇಳುತ್ತ ನಿದ್ದೆಹೋದವನು ನಾನು. ಮದುವೆಯಾದ ಹೊಸದರಲ್ಲಿ ಗೌರಿಬಿದನೂರಿನ ಬಾಡಿಗೆ ಮನೆಯ ಮೌನದಲ್ಲಿ ನನಗೆ ನಿದ್ದೆಯೇ ಹತ್ತಲಿಲ್ಲ ಎಂದರೆ ಸುಮಿತ್ರ ಈಗಲೂ ನಂಬುವುದಿಲ್ಲ.

ಆ ಮನೆಯ ಹೊಸಿಲಿನಲ್ಲಿ ಒಂದು ಅಗಲವಾದ ತಗಡಿನ ತಟ್ಟೆ ಇತ್ತು. ಅದರ ತುಂಬ ಬ್ಲೀಚಿಂಗ್ ಪುಡಿ ಕಲಸಿದ ನೀರು. ಒಳಗೆ ಬರುವವರು ಯಾರೇ ಇರಲಿ, ಎರಡೂ ಕಾಲು ಅದರಲ್ಲಿ ಅದ್ದಿಯೇ ಬರಬೇಕು. ನಮ್ಮ ಶಾಲೆಯ ಹೆಡ್‌ಮೇಷ್ಟ್ರು ಒಮ್ಮೆ ಏನೋ ವಿಚಾರಿಸಲು ಬಂದವರು ಷೂ ಬಿಚ್ಚಿ, ಪ್ಯಾಂಟು ಮಡಚಿ, ಕಾಲು ಅದ್ದಿ, ಆ ವಾಸನೆಗೆ ಸೀನಿ ಸೀನಿ ಬಂದ ವಿಷಯವನ್ನೇ ಮರೆತು ಹೋದರು. ನನಗೋ ಆ ತಟ್ಟೆ ಹಾರುವುದೇ ಆಟ. ಯಾರೂ ಇಲ್ಲದ ಹೊತ್ತು ನೋಡಿ ಅಂಗಳದಿಂದ ಓಡಿ ಬಂದು ಒಂದೇ ನೆಗೆತಕ್ಕೆ ನಡುಮನೆಗೆ ಇಳಿಯುತ್ತಿದ್ದೆ. ದೊಡ್ಡಮ್ಮ ಒಲೆಯ ಮುಂದಿನಿಂದ ಎದ್ದೂ ಬರುತ್ತಿರಲಿಲ್ಲ. ನೆಲ ನೋಡುತ್ತಿದ್ದರು. ಒದ್ದೆ ಹೆಜ್ಜೆ ಕಾಣದಿದ್ದರೆ ಮುಗಿಯಿತು. "ಸೀನಾ, ವಾಪಸ್ ಹೋಗು. ಅದ್ಕೊಂಡ್ ಬಾ. ಎರಡು ಕಾಲೂ!" ಎಂದು ಕೂಗುತ್ತಿದ್ದರು. ಒಂದೇ ಕಾಲು ಅದ್ದಿ ಕುಂಟುತ್ತ ಬಂದು ಮೋಸ ಮಾಡಲು ನೋಡಿದ್ದೂ ಉಂಟು. ಅದಕ್ಕೂ ಅವರ ಹತ್ತಿರ ಲೆಕ್ಕವಿತ್ತು.

ಈ ಮಡಿಯ ಹಿಂದೆ ಒಂದು ಕಥೆ ಇದೆ. ನಾನು ಎರಡನೇ ಕ್ಲಾಸಿನಲ್ಲಿದ್ದ ವರ್ಷ, ಚಳಿಗಾಲದ ಬೆಳೆಗೆ ಸುಣ್ಣಕಟ್ಟು ಬಿತ್ತು. ರೇಷ್ಮೆ ಹುಳಕ್ಕೆ ತಗಲುವ ಬೂಷ್ಟು ರೋಗ ಅದು. ನಾಲ್ಕು ಜ್ವರ ಮುಗಿಸಿ, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಇನ್ನೇನು ಬಲಿತು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ ಹುಳಗಳು ಒಂದೊಂದಾಗಿ ಬಿಗಿದುಕೊಂಡು, ಮೈಮೇಲೆ ಬಿಳಿ ಬೂಷ್ಟು ಹೊದ್ದು ಸತ್ತವು. ಮುಟ್ಟಿದರೆ ಗಟ್ಟಿ, ಥೇಟ್ ಸೀಮೆಸುಣ್ಣ. ದೊಡ್ಡವರು ಬುಟ್ಟಿಗಟ್ಟಲೆ ಹೊತ್ತು ಹೊಂಡಕ್ಕೆ ಹಾಕುತ್ತಿದ್ದರು. ನಾನು ಅದರಲ್ಲಿ ಐದಾರನ್ನು ಆರಿಸಿ ಚಡ್ಡಿ ಜೇಬಿಗೆ ಇಳಿಸಿ, ಹಿತ್ತಲಿನ ಬಾಗಿಲನ್ನೇ ಬೋರ್ಡು ಮಾಡಿಕೊಂಡು, ಮೇಷ್ಟ್ರಾಟ ಶುರು ಮಾಡಿದೆ. ಮೊದಲನೆಯದು 'ಅ' ಬರೆಯುವಷ್ಟರಲ್ಲಿ ಪಟ್ಟೆಂದು ಮುರಿಯಿತು. ಎರಡನೆಯದನ್ನು ಎತ್ತಿದಾಗ ಹಿಂದೆ ದೊಡ್ಡಮ್ಮ ನಿಂತಿದ್ದರು. ಹೊಡೆಯಲಿಲ್ಲ. ನನ್ನ ಎರಡೂ ಕೈ ಹಿಡಿದು ಬಾನಿಯ ಹತ್ತಿರ ಎಳೆದುಕೊಂಡು ಹೋಗಿ, ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದರು. ಉಜ್ಜುತ್ತ ಉಜ್ಜುತ್ತ ಅತ್ತರು. ದೊಡ್ಡವರು ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಕೈ ಉರಿಯಿತೋ ಅವರ ಕಣ್ಣೀರಿಗೆ ಹೆದರಿದೆನೋ, ನಾನೂ ಜೊತೆಗೆ ಅತ್ತೆ.

ಅಂದಿನಿಂದ ಬೂಷ್ಟು ಎಂದರೆ ದೊಡ್ಡಮ್ಮನಿಗೆ ಹುಟ್ಟು ವೈರಿ. ಉಪ್ಪಿನಕಾಯಿ ಭರಣಿಯ ಅಂಚಿನಲ್ಲಿ ಒಂದು ಚುಕ್ಕೆ ಕಂಡರೆ ಭರಣಿಯ ಸಮೇತ ಊರಾಚೆ. ಮಳೆಗಾಲದಲ್ಲಿ ಗೋಡೆಯ ಮೂಲೆ ಹಸಿರಾದರೆ ಸುಣ್ಣ, ಬಚ್ಚಲ ಕಲ್ಲು ಜಾರಿದರೆ ಬ್ಲೀಚಿಂಗು, ದೊಡ್ಡಪ್ಪನ ಚಪ್ಪಲಿ ಮುಗ್ಗಲು ಹಿಡಿದರೆ ಎರಡೂ. ಸುತ್ತಮುತ್ತಲ ಊರುಗಳಲ್ಲಿ ಬೆಳೆ ಕೆಟ್ಟರೂ ವೆಂಕಟಲಕ್ಷ್ಮಮ್ಮನ ಮನೆಯ ಹುಳ ಕೆಡುವುದಿಲ್ಲ ಎಂದು ಹೆಸರಾಯಿತು.

ಹಾಗೆ ನೋಡಿದರೆ ನಮ್ಮ ಸೀಮೆಯ ಬೇಸಾಯಗಾರರಿಗೆಲ್ಲ ಬೂಷ್ಟಿನ ಜೊತೆ ಒಂದಲ್ಲ ಒಂದು ವ್ಯಾಜ್ಯ ಇದ್ದೇ ಇದೆ. ಕಳವಾರದಲ್ಲಿ ನನ್ನ ಷಡ್ಡಕ ದ್ರಾಕ್ಷಿ ಬೆಳೆಯುತ್ತಾನೆ. ಸ್ಕಂದಗಿರಿ ಹತ್ತಲು ಬಂದ ಹುಡುಗ ಹುಡುಗಿಯರು ಮೇಲೆ ನಿಂತು ಮಂಜಿನ ಫೋಟೋ ತೆಗೆಯುತ್ತಿದ್ದರೆ, ಇವನು ಕೆಳಗೆ ಅದೇ ಮಂಜಿಗೆ ಶಾಪ ಹಾಕುತ್ತ, ಎಲೆಗಳ ಅಡಿಯಲ್ಲಿ ಬಿಳಿ ತುಪ್ಪಟ ಮೂಡಿದೆಯೇ ಎಂದು ಮಗುಚಿ ಮಗುಚಿ ನೋಡುತ್ತಿರುತ್ತಾನೆ. ಚಿಂತಾಮಣಿ ಕಡೆಯ ಟೊಮೆಟೊ ನೆಂಟರು ಮೂರು ದಿನ ಮೋಡ ಮುಚ್ಚಿಕೊಂಡರೆ ಅಂಗಮಾರಿ ರೋಗದ ಚಿಂತೆಯಲ್ಲಿ ಫೋನನ್ನೂ ಎತ್ತುವುದಿಲ್ಲ. ಮದುವೆ ಮನೆಗಳಲ್ಲಿ ಮೊದಲು "ತೋಟ ಹೆಂಗಿದೆ?" ಎಂದು ಕೇಳಿ, ಆಮೇಲೆ "ಮಕ್ಕಳು ಹೆಂಗಿದಾರೆ?" ಎನ್ನುವವರು ನಾವು.

ಇಂಥ ಕುಲದಲ್ಲಿ ಹುಟ್ಟಿದ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. 'ಶಿಲೀಂಧ್ರಗಳಿಂದಾಗುವ ಎರಡು ಉಪಯೋಗಗಳನ್ನು ಬರೆಯಿರಿ' ಎಂದು ವರ್ಷ ವರ್ಷವೂ ಎರಡು ಅಂಕಕ್ಕೆ ಕೇಳುತ್ತ ಬಂದಿದ್ದೇನೆ. ಹೊಲದಲ್ಲಿ ನಿಂತು ನನ್ನನ್ನೇ ಯಾರಾದರೂ ಅದನ್ನು ಕೇಳುವ ದಿನ ಬಂದೀತು ಎಂದುಕೊಂಡಿರಲಿಲ್ಲ.

ಕಳೆದ ವರ್ಷ, ಬೇಸಿಗೆಯ ಹೊಸ್ತಿಲಲ್ಲಿ, ದೊಡ್ಡಮ್ಮನ ಫೋನು ಬಂತು. ಅವರು ಫೋನಿನಲ್ಲಿ ಯಾವತ್ತೂ ಕೂಗಿಯೇ ಮಾತಾಡುವುದು. ಅವತ್ತು ದನಿ ಸಣ್ಣಗಿತ್ತು.

"ಸೀನಾ, ತೋಟ ಒಣಗ್ತಾ ಇದೆ ಕಣಪ್ಪ. ನೀರು ಬಿಟ್ರೂ ಒಣಗ್ತದೆ. ನೀನು ಓದಿದೋನು, ಒಂದ್ಸಲ ಬಂದು ನೋಡು."

ಭಾನುವಾರ ಹೋದೆ. ಹಿಪ್ಪುನೇರಳೆ ತೋಟ ಮನೆಯ ಹಿಂದೆಯೇ ಇದೆ. ದೂರಕ್ಕೆ ಹಸಿರಾಗಿಯೇ ಕಂಡಿತು. ಒಳಗೆ ಕಾಲಿಟ್ಟರೆ ಅಲ್ಲೊಂದು ಇಲ್ಲೊಂದು ಗಿಡ ಎಲೆ ಇಳಿಬಿಟ್ಟು, ಕಡ್ಡಿ ಕಡ್ಡಿಯಾಗಿ ನಿಂತಿತ್ತು. ದೊಡ್ಡಪ್ಪ ಒಂದು ಗಿಡ ಹಿಡಿದು ಎಳೆದರು. ಎಷ್ಟೋ ವರ್ಷದ ಗಿಡ, ಕಡಪಾರೆ ಹಾಕಿದರೂ ಜಗ್ಗಬಾರದು, ಸೊಪ್ಪಿನ ಕಟ್ಟು ಎತ್ತಿದ ಹಾಗೆ ಕೈಗೆ ಬಂತು. ಬೇರು ಕಪ್ಪಗಾಗಿತ್ತು. ಸಿಪ್ಪೆ ಮುಟ್ಟಿದರೆ ಸುಲಿದು ಬರುತ್ತಿತ್ತು, ಕೊಳೆತ ವಾಸನೆ ಹೊಡೆಯುತ್ತಿತ್ತು. ಬೇರು ಕೊಳೆ ರೋಗ. ಇದೂ ಬೂಷ್ಟೇ, ಆದರೆ ಮಣ್ಣೊಳಗೆ ಕೂತು ತಿನ್ನುವ ಬೂಷ್ಟು. ಹರಿಯುವ ನೀರಿನಲ್ಲಿ, ಗುದ್ದಲಿಗೆ ಮೆತ್ತಿದ ಮಣ್ಣಿನಲ್ಲಿ ಸಾಲಿನಿಂದ ಸಾಲಿಗೆ ದಾಟುತ್ತದೆ.

ದೊಡ್ಡಮ್ಮ ಕಾಲುವೆಯ ಪಕ್ಕದ ಮೊದಲ ಸಾಲಿನ ಹತ್ತಿರ ನಿಂತಿದ್ದರು. ಆ ಸಾಲು ಅವರು ಮದುವೆಯಾಗಿ ಬಂದ ವರ್ಷ ತವರಿನಿಂದ ಕಡ್ಡಿ ತಂದು ಸ್ವಂತ ಕೈಯಿಂದ ನೆಟ್ಟದ್ದು. ತೋಟದ ಮಿಕ್ಕ ಗಿಡಗಳೆಲ್ಲ ಅದರ ಕಡ್ಡಿಯಿಂದಲೇ ಆದವು. ಎಷ್ಟೋ ಹೊಸ ತಳಿ ಬಂದರೂ ಅದನ್ನು ಕೀಳಿಸಲು ಬಿಟ್ಟಿರಲಿಲ್ಲ.

"ಇದಕ್ಕೂ ಬರ್ತದಾ?" ಎಂದರು.

"ಈಗ್ಲೇ ಹಿಡಿದ್ರೆ ಬರಲ್ಲ ಬಿಡು" ಎಂದೆ.

"ಸೊಪ್ಪಿಲ್ದಿದ್ರೆ ಹುಳ ಇಲ್ಲ. ಹುಳ ಇಲ್ದಿದ್ರೆ ನಾನೇನ್ ಮಾಡ್ಲಪ್ಪ ಬೆಳಗ್ಗೆ ಎದ್ದು?" ಎಂದರು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ, ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ. ಆದರೂ ಅವರು ಕೇಳಿದ್ದು ತಮಾಷೆಗಲ್ಲ.

ಉತ್ತರ ಇಲ್ಲದಾಗ ಮೇಷ್ಟ್ರುಗಳು ಗತ್ತು ಮಾಡುತ್ತಾರೆ. ನಾನೂ ಮಾಡಿದೆ. ರೇಷ್ಮೆ ಇಲಾಖೆಯ ಒಬ್ಬರನ್ನು ವಿಚಾರಿಸಿಕೊಂಡು ಬಂದಿದ್ದೆ. ಅವರು ಹೇಳಿದ್ದನ್ನೆಲ್ಲ ನಾನೇ ಕಂಡುಹಿಡಿದವನ ಹಾಗೆ ಹೇಳಿದೆ. ಒಣಗಿದ ಗಿಡ ಬೇರು ಸಮೇತ ಕಿತ್ತು ಸುಡಬೇಕು. ಗುಂಡಿಯನ್ನು ಬಿಸಿಲಿಗೆ ಬಿಡಬೇಕು. ರೋಗದ ಸಾಲಿನ ನೀರು ಒಳ್ಳೆಯ ಸಾಲಿಗೆ ಹೋಗದಂತೆ ಬದು ಕಟ್ಟಬೇಕು, ಗುದ್ದಲಿ ತೊಳೆದು ಇಡಬೇಕು. ದೊಡ್ಡಮ್ಮನ ಮಗ, ದೊಡ್ಡಪ್ಪ, ನಾನು ಸೇರಿ ಅವತ್ತೇ ಅಷ್ಟನ್ನೂ ಮಾಡಿದೆವು. ಆಮೇಲೆ ಮುಖ್ಯವಾದ ಮದ್ದು. ಟ್ರೈಕೋಡರ್ಮಾ ಎನ್ನುವ ಪುಡಿಯ ಪೊಟ್ಟಣ ತಂದಿದ್ದೆ. ಅದನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೂ ಬೇವಿನ ಹಿಂಡಿಗೂ ಬೆರೆಸಿ, ನೀರು ಚಿಮುಕಿಸಿ, ಹುಣಸೆ ಮರದ ನೆರಳಿನಲ್ಲಿ ಗುಡ್ಡೆ ಮಾಡಿ, ಒದ್ದೆ ಗೋಣಿಚೀಲ ಹೊದಿಸಿದೆ. ಹತ್ತು ದಿನ ಬಿಟ್ಟರೆ ಹದವಾಗುತ್ತದೆ, ಆಮೇಲೆ ಬುಡಬುಡಕ್ಕೆ ಹಾಕಬೇಕು.

"ಏನದು?" ಎಂದರು ದೊಡ್ಡಮ್ಮ.

"ಔಷಧಿ. ಚೀಲ ಒಣಗಿದ್ರೆ ನೀರು ಚಿಮುಕಿಸು, ಅಷ್ಟೆ. ಇನ್ನೇನೂ ಮಾಡೋಕ್ ಹೋಗ್ಬೇಡ. ಮುಂದಿನ ವಾರ ಬಿಟ್ಟು ಅದರ ಮುಂದಿನ ವಾರ ಬರ್ತೀನಿ."

ಅದೊಂದು ಬೂಷ್ಟು, ಬೇರು ತಿನ್ನುವ ಬೂಷ್ಟನ್ನು ತಿನ್ನುವ ಬೂಷ್ಟು, ಜೀವ ಇರುವಂಥದ್ದು ಎಂದು ನಾನು ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ದಡ್ಡ ಹುಡುಗರಿಗೂ ವರ್ಷ ವರ್ಷ ಅರ್ಥ ಮಾಡಿಸುವ ನಾನು, ಇವರಿಗೆಲ್ಲಿ ಅರ್ಥವಾಗುತ್ತದೆ ಎಂದುಕೊಂಡೆ.

ಎರಡು ವಾರ ಬಿಟ್ಟು ಹೋದೆ. ಬಸ್ಸಿಳಿದವನು ಮನೆಯೊಳಕ್ಕೂ ಹೋಗದೆ ನೆಟ್ಟಗೆ ಹುಣಸೆ ಮರದ ಹತ್ತಿರ ನಡೆದೆ. ಗೋಣಿಚೀಲ ಅಲ್ಲಿರಲಿಲ್ಲ. ಗುಡ್ಡೆ ಪೂರ್ತಿ ಬೆಳ್ಳಗಿತ್ತು. ಆಹಾ, ಎಂಥ ಬೆಳವಣಿಗೆ ಎಂದು ನನಗೆ ನಾನೇ ಶಭಾಷ್ ಹೇಳಿಕೊಂಡು ಬಗ್ಗಿದೆ. ಮೂಗಿಗೆ ಬಡಿದದ್ದು ನನ್ನ ಬಾಲ್ಯದ ವಾಸನೆ. ಬ್ಲೀಚಿಂಗ್ ಪುಡಿ, ಸುಣ್ಣ.

ದೊಡ್ಡಮ್ಮ ಸಂಭ್ರಮದಿಂದಲೇ ಬಂದರು. "ನೀನಿಟ್ಟು ಹೋದ ಔಷಧಿ ಕೆಟ್ಟೋಗಿತ್ತಪ್ಪ. ಎಂಟು ದಿನಕ್ಕೆ ಚೀಲ ಎತ್ತಿ ನೋಡ್ತೀನಿ, ಅಂಗೈ ಅಗಲ ಹಸಿರು ಬೂಷ್ಟು! ಎದೆ ಧಸಕ್ಕಂತು. ತಕ್ಷಣ ಬ್ಲೀಚಿಂಗು, ಸುಣ್ಣ ಎರಡೂ ಹಾಕಿ ಮಗುಚಿ ಮಗುಚಿ ಕಲಸಿಬಿಟ್ಟೆ. ಈಗ ಒಂದು ಎಳೆ ಇಲ್ಲ ನೋಡು."

ಒಂದು ಎಳೆಯೂ ಇರಲಿಲ್ಲ. ಅವರ ಕೈ ಬಿದ್ದ ಮೇಲೆ ಇರುವುದೂ ಸಾಧ್ಯವಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಅಯ್ಯೋ ದೊಡ್ಡಮ್ಮ, ಆ ಬೂಷ್ಟೇ ಔಷಧಿ! ಅದನ್ನೇ ಕೊಂದ್ಯಲ್ಲ! ಮುಟ್ಬೇಡ ಅಂತ ಬಡ್ಕೊಂಡಿರ್ಲಿಲ್ವಾ ನಾನು?" ಎಂದು ಕ್ಲಾಸಿನಲ್ಲಿ ಕೂಗುವ ದನಿಯಲ್ಲೇ ಕೂಗಿಬಿಟ್ಟೆ. ದೊಡ್ಡಪ್ಪ ಹಗ್ಗ ಹೊಸೆಯುತ್ತಿದ್ದವರು ತಲೆ ಎತ್ತಿದರು. ದೊಡ್ಡಮ್ಮ ಹೋಗಿ ಗುಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಹರಡಿ ನೋಡಿದರು.

"ಜೀವ ಇತ್ತಾ ಇದ್ರಲ್ಲಿ?" ಎಂದರು.

"ಇತ್ತು."

"ಹಂಗಂತ ಒಂದು ಮಾತು ಹೇಳಿದ್ದಿದ್ರೆ ಸಾಕ್ತಿದ್ದೆ ಕಣಪ್ಪ. ಸಾಕೋದು ಬಿಟ್ಟು ನಾನು ಇನ್ನೇನ್ ಮಾಡಿದೀನಿ?"

ಅದರಲ್ಲಿ ದೂರು ಇರಲಿಲ್ಲ. ಅದಕ್ಕೇ ನನಗೆ ತಡೆದುಕೊಳ್ಳಲಾಗಲಿಲ್ಲ. ಅವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆನಲ್ಲ, ಎಂಟು ದಿನಕ್ಕೆ ಚೀಲ ಎತ್ತಿ ನೋಡಿದವರು ಅವರು. ಬಣ್ಣ, ಅಗಲ ಎರಡನ್ನೂ ಗುರುತಿಟ್ಟುಕೊಂಡವರೂ ಅವರೇ. ನನಗಿಂತ ಒಳ್ಳೆಯ ವಿದ್ಯಾರ್ಥಿಯನ್ನು ಎದುರಿಗಿಟ್ಟುಕೊಂಡು ಪಾಠವನ್ನೇ ಮಾಡದೆ ಬಂದಿದ್ದೆ. ತಪ್ಪಾಯಿತು ಎನ್ನಬೇಕಿತ್ತು. ಅದನ್ನೂ ಹೇಳಲಾರದೆ, ಪಕ್ಕದಲ್ಲಿ ಕೂತು, ಮಣ್ಣಿನಲ್ಲಿ ಕಡ್ಡಿಯಿಂದ ಬೇರು ಬರೆದು, ಬೇರಿನ ಸುತ್ತ ಕೆಟ್ಟ ಬೂಷ್ಟು, ಅದರ ಸುತ್ತ ಒಳ್ಳೆಯ ಬೂಷ್ಟು ಬರೆದು ಎಲ್ಲ ಹೇಳಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. "ನನ್ನ ಹುಳಕ್ಕೆ ತಗಲಲ್ವಾ?" ಎಂದು ಒಂದು. ಇಲ್ಲ, ಇದು ಸುಣ್ಣಕಟ್ಟಿನ ಬೂಷ್ಟಲ್ಲ, ಇದರ ಕೆಲಸ ಮಣ್ಣಿನಲ್ಲಿ ಎಂದೆ. "ಇದು ಏನ್ ತಿಂತದೆ?" ಎಂದು ಇನ್ನೊಂದು. ಆ ಪ್ರಶ್ನೆಯನ್ನು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಒಬ್ಬ ಹುಡುಗನೂ ಕೇಳಿಲ್ಲ.

ಎರಡನೇ ಸಲದ ಗುಡ್ಡೆ ದೊಡ್ಡಮ್ಮನದು. ಪೊಟ್ಟಣ ತಂದುಕೊಟ್ಟದ್ದಷ್ಟೇ ನಾನು. ಗೊಬ್ಬರವನ್ನು ಜರಡಿ ಹಿಡಿದರು. ಹುಳಕ್ಕೆ ಸೊಪ್ಪಿನ ತೇವ ನೋಡುವ ಹಾಗೆ ಹಿಡಿ ಹಿಡಿದು ತೇವ ನೋಡಿದರು. ಹುಣಸೆ ಮರದ ನೆರಳು ಮಧ್ಯಾಹ್ನ ಸರಿಯುತ್ತದೆ ಎಂದು ಗುಡ್ಡೆಯನ್ನು ಹಳೆ ಕೊಟ್ಟಿಗೆಗೆ ಸಾಗಿಸಿದರು. ಹುಳದ ಮನೆಗೆ ಒಂದು ಸೀರೆ, ಇಲ್ಲಿಗೆ ಒಂದು ಸೀರೆ, ನಡುವೆ ಸ್ನಾನ. ದಿನಾ ಬೆಳಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಫೋನು, ಈ ಸಲ ಹಳೆಯ ದನಿಯಲ್ಲಿ.

"ಸೀನಾ, ಎಳೆ ಬಿಟ್ಟಿದೆ!"

"ಸೀನಾ, ಇವತ್ತು ಮಂಕಾಗಿದೆ ಕಣೋ. ಜ್ವರಕ್ಕೆ ಕೂತಿದೆಯೋ ಏನೋ, ನಾನು ಮಗುಚಕ್ಕೆ ಹೋಗಿಲ್ಲ."

"ಹಸಿರಾಯ್ತು! ಪೂರ್ತಿ ಹಸಿರು! ಹಣ್ಣಾಯ್ತು ಬಾರಪ್ಪ!"

ಬೂಷ್ಟು ಹಣ್ಣಾಗುವುದಿಲ್ಲ ದೊಡ್ಡಮ್ಮ, ಅದಕ್ಕೆ ಜ್ವರವೂ ಬರುವುದಿಲ್ಲ ಎಂದು ತಿದ್ದಲು ಬಾಯಿ ತೆರೆದವನು ಮುಚ್ಚಿದೆ. ಅವರ ಕೈಗೆ ಅದು ತಿಳಿದಷ್ಟು ನನ್ನ ಪುಸ್ತಕಕ್ಕೆ ತಿಳಿದಿರಲಿಲ್ಲ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದರೆ ನಿಮಗೂ ನೆಮ್ಮದಿ, ನನಗೂ. ಆದರೆ ನಾನು ಹೇಳದೆ ಉಳಿಸಿಕೊಂಡ ಆ ಒಂದು ಮಾತಿನಿಂದ ಎರಡು ವಾರ ಹೆಚ್ಚಿಗೆ ಕಳೆದುಹೋಗಿತ್ತು. ಬೇರು ಕೊಳೆ ಎರಡು ವಾರ ಸುಮ್ಮನೆ ಕೂರುವ ಪೈಕಿಯಲ್ಲ. ಗೊಬ್ಬರ ಬುಡಕ್ಕೆ ಬೀಳುವ ಹೊತ್ತಿಗೆ ಕಾಲುವೆಯ ಪಕ್ಕದ ಮೊದಲ ಸಾಲು, ತವರಿನ ಕಡ್ಡಿಯ ಸಾಲು, ಮುಕ್ಕಾಲು ಪಾಲು ಒಣಗಿತ್ತು. ಬರಲ್ಲ ಬಿಡು ಎಂದು ನಾನು ಮಾತು ಕೊಟ್ಟಿದ್ದ ಸಾಲು. ಅದನ್ನು ಕೀಳುವ ದಿನ ದೊಡ್ಡಮ್ಮ ಯಾರ ಕೈಗೂ ಕೊಡಲಿಲ್ಲ. ಒಂದೊಂದನ್ನೇ ತಾವೇ ಎಳೆದು, ಬೇರು ತಿರುಗಿಸಿ ನೋಡಿ, ಬೆಂಕಿಗೆ ಹಾಕಿದರು. ನಾನು ದೂರದಲ್ಲಿ ನಿಂತಿದ್ದೆ. ಕೊನೆಯಲ್ಲಿ ಬದುಕಿದ್ದ ನಾಲ್ಕು ಗಿಡಗಳಿಂದ ಬೆರಳು ಗಾತ್ರದ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟರು. ಮಿಕ್ಕ ತೋಟ ಉಳಿಯಿತು. ಮೊದಲ ಮಳೆಗೆ ಚಿಗುರಿತು. ಆದರೂ ಊರಿಗೆ ಹೋದಾಗಲೆಲ್ಲ ನಾನು ಆ ಖಾಲಿ ಜಾಗ ತಪ್ಪಿಸಿ ಇನ್ನೊಂದು ಬದುವಿನಿಂದ ತೋಟಕ್ಕೆ ಇಳಿಯುತ್ತಿದ್ದೆ.

ಕಳೆದ ತಿಂಗಳು ಹೋಗಿದ್ದೆ. ಈಗಿನ ಹುಳದ ಮನೆಯ ಹೊಸಿಲಿನ ತೊಟ್ಟಿಯಲ್ಲಿ ಕಾಲು ಅದ್ದಿಕೊಂಡು ಹೋಗಿ ಹುಳ ನೋಡಿದೆ, ಎರಡನೇ ಜ್ವರದಿಂದ ಎದ್ದಿದ್ದವು. "ಬಾ, ತೋಟ ನೋಡೀವಂತೆ" ಎಂದು ದೊಡ್ಡಮ್ಮ ಹಿತ್ತಲಿಗೆ ಕರೆದುಕೊಂಡು ಹೋದರು. ಕಾಲುವೆಯ ಪಕ್ಕದ ಜಾಗ ಖಾಲಿ ಇರಲಿಲ್ಲ. ಬಿಸಿಲಿಗೆ ಬಿಟ್ಟಿದ್ದ ಗುಂಡಿಗಳಲ್ಲಿ, ಅವರೇ ಸಾಕಿದ ಗೊಬ್ಬರ ತುಂಬಿ, ಆ ಕಡ್ಡಿಗಳನ್ನು ಬೇರು ಬರಿಸಿ ನೆಟ್ಟಿದ್ದರು. ಮೊಣಕಾಲುದ್ದ ಎದ್ದು ನಿಂತಿದ್ದವು. ನಾನು ಎಲ್ಲ ಮರೆತು, ಬದು ದಾಟಿ ಆ ಸಾಲಿನ ಕಡೆ ಕಾಲೆತ್ತಿದೆ.

"ನಿಂತ್ಕೋ!" ಎಂದರು ದೊಡ್ಡಮ್ಮ.

ನಿಂತೆ. ತೋಟದ ಬಾಯಲ್ಲಿ, ನನ್ನ ಕಾಲ ಹತ್ತಿರವೇ, ಅದೇ ಹಳೆಯ ತಗಡಿನ ತಟ್ಟೆ ಇತ್ತು. ಮೂಸಿ ನೋಡಿದೆ. ಬರಿಯ ನೀರು.

"ಹುಳದ ಮನೆಯಿಂದ ಬಂದಿದೀಯ. ಕಾಲಲ್ಲಿ ಬ್ಲೀಚಿಂಗ್ ಇರ್ತದೆ. ತೊಳ್ಕೊಂಡು ಕಾಲಿಡು, ಒಳಗೆ ನನ್ನ ಬೂಷ್ಟು ಐತೆ."

ಅಂಗಾಲಿಗೆ ಮೆತ್ತಿದ ಅಷ್ಟು ಬ್ಲೀಚಿಂಗಿನಿಂದ ತೋಟಕ್ಕೆ ಏನೂ ಆಗುವುದಿಲ್ಲ ಎಂದು ವಿಜ್ಞಾನದ ಮೇಷ್ಟ್ರಿಗೆ ಗೊತ್ತು. ಮೇಷ್ಟ್ರು ಸುಮ್ಮನೆ ಪ್ಯಾಂಟು ಮಡಚಿದ. ತಟ್ಟೆಯಲ್ಲಿ ಬಲಗಾಲಿಟ್ಟು ತೊಳೆದು, ಸಾಲಿನ ಕಡೆ ಹೊರಟ.

"ಸೀನಾ," ಎಂದರು ಹಿಂದಿನಿಂದ. "ಎರಡು ಕಾಲೂ."